ಕಾರ್ಮಿನ್ ಬಾಯಿಯ ಲೇಸೂ ನನ್ನ ಪೆನ್ಸಿಲೂ

ಏಪ್ರಿಲ್ ತಿಂಗಳ ನಡು ಮಧ್ಯಾಹ್ನ. ಕುಂಬಳೆಯ ಸೆಕೆ ನಿಮಗೆ ಗೊತ್ತೇ ಉಂಟು. ಸ್ಟುಡಿಯೋದ ಬಾಗಿಲು ಹಾಕಿದೆ, ಫ್ಯಾನ್ ಬಂದ್, ತಲೆಯ ಮೇಲೆ ದಪ್ಪದ ಕಂಬಳಿ. ಕಂಬಳಿಯ ಒಳಗೆ ನಾನು!

ಊಟದ ಬುತ್ತಿ ತಂದ ನನ್ನ ಹೆಂಡತಿ ಬಾಗಿಲು ದೂಡಿ ನೋಡಿದಳು. ಆಮೇಲೆ ಮೆಲ್ಲ ಕೇಳಿದಳು: "ಜ್ವರವಾ?"

ಜ್ವರ ಅಲ್ಲ ಮಾರಾಯ್ತಿ, ಲೇಸ್! ಎಂದೆ. ಅವಳಿಗೆ ನನ್ನ ಜ್ವರ ತಲೆಗೇರಿದೆ ಎಂದು ಖಾತ್ರಿಯಾಯಿತು.

ನಿಮಗಾದರೂ ಸರಿಯಾಗಿ ಹೇಳುತ್ತೇನೆ. ಅದಕ್ಕೆ ಎರಡು ದಿನ ಮೊದಲು ಕಾರ್ಮಿನ್ ಬಾಯಿ ಎನ್ನುವವರು ಸ್ಟುಡಿಯೋಗೆ ಬಂದಿದ್ದರು. ವರ್ಕಾಡಿಯ ಕಡೆಯವರು. ಎರಡು ಬಸ್ಸು ಬದಲಿಸಿ ಬಂದದ್ದು. ವಯಸ್ಸು ಅರವತ್ತು ದಾಟಿದೆ. ಚಿಕ್ಕಂದಿನಲ್ಲಿ ಸಿಡುಬು ಬಂದು ಹೋದ ಮುಖ, ಹಣೆಯಿಂದ ಗಲ್ಲದವರೆಗೆ ಕುಳಿ. ಕೈಯಲ್ಲಿ ಒಂದು ಬಿಸ್ಕೆಟ್ ಡಬ್ಬ.

"ನಿಮ್ಮ ಅಪ್ಪ ನನ್ನ ಮದುವೆಯ ಫೋಟೋ ತೆಗೆದದ್ದು ರಾಯರೇ," ಎಂದರು. "ಕ್ಯಾಮರಾ ತಲೆಯ ಮೇಲೆ ಹೊರಿಸಿಕೊಂಡು ನಮ್ಮ ಮನೆಗೆ ಬಂದಿದ್ರು. ನನ್ನ ಮುಖ ಒಂದು ಮೊಟ್ಟೆಯ ಹಾಗೆ ಮಾಡಿ ಕೊಟ್ಟಿದ್ರು."

ನಾನು ಎದೆಯುಬ್ಬಿಸಿದೆ. (ಯಾಕೆ ಉಬ್ಬಿಸಬಾರದಿತ್ತು ಎಂದು ಆಮೇಲೆ ಹೇಳುತ್ತೇನೆ.)

ಡಬ್ಬದಿಂದ ಅವರು ತೆಗೆದದ್ದು ಮಗುವಿನ ಒಂದು ಬಿಳಿ ಅಂಗಿ. ಜ್ಞಾನಸ್ನಾನದ ದಿನ ಮಗುವಿಗೆ ತೊಡಿಸುವ ಉದ್ದದ ಅಂಗಿ. ಅದರ ಅಂಚಿಗೆ ಸುತ್ತಲೂ ಕೈಯಲ್ಲಿ ಹೆಣೆದ ಲೇಸ್. ಬಾಯಿಯ ಅಮ್ಮ ಮಾಡಿದ್ದಂತೆ. ಕೊಡೆಯ ಕಡ್ಡಿಯನ್ನು ಕಲ್ಲಿಗೆ ತಿಕ್ಕಿ ತಾವೇ ಕೊಕ್ಕೆ ಮಾಡಿಕೊಂಡು, ಆ ಕೊಕ್ಕೆಯಲ್ಲಿ ಹೆಣೆದದ್ದಂತೆ! ಬಾಯಿ, ಅವರ ತಮ್ಮಂದಿರು, ಬಾಯಿಯ ಐದು ಮಕ್ಕಳು, ಎಲ್ಲರೂ ಇದೇ ಅಂಗಿಯಲ್ಲಿ ಇಗರ್ಜಿಗೆ ಹೋಗಿ ಹೆಸರು ಪಡೆದು ಬಂದವರು. ಈಗ ಬೊಂಬಾಯಿಯಲ್ಲಿರುವ ಕಿರಿ ಮಗನಿಗೆ ಹೆಣ್ಣುಮಗು ಹುಟ್ಟಿದೆ. ಮೇ ತಿಂಗಳಲ್ಲಿ ಊರಿಗೆ ಬರ್ತಾರೆ. ಬಾಯಿ ಪೆಟ್ಟಿಗೆ ತೆಗೆದು ನೋಡಿದರೆ ಎಂತ ಉಂಟು? ಇಲಿ! ನುಸಿಗುಳಿಗೆಯನ್ನು ಬದಿಗೆ ದೂಡಿ, ಲೇಸನ್ನು ನಾಲ್ಕು ಬೆರಳಿನಷ್ಟು ಅಗಲಕ್ಕೆ ತಿಂದು ಹೋಗಿದೆ.

"ಅಷ್ಟು ನಾನೇ ಹೆಣೆದು ಸೇರಿಸುತ್ತೇನೆ," ಎಂದರು ಬಾಯಿ. "ಕೊಕ್ಕೆ ಉಂಟು, ನೂಲು ಉಂಟು, ಕೈ ಉಂಟು. ಕಣ್ಣು ಮಾತ್ರ ಇಲ್ಲ. ಪೊರೆ ಬರ್ತಾ ಉಂಟು. ಹೆಣೆಯಲಿಕ್ಕೆ ಕಣ್ಣು ಬೇಡ ರಾಯರೇ, ಅಮ್ಮ ಹೇಗೆ ಹೆಣೆದದ್ದು ಅಂತ ಲೆಕ್ಕ ಮಾಡಲಿಕ್ಕೆ ಕಣ್ಣು ಬೇಕು. ಇದರ ಒಂದು ಹೂವನ್ನು ಊಟದ ಬಟ್ಟಲಿನಷ್ಟು ದೊಡ್ಡ ಮಾಡಿ ಕೊಡ್ತೀರಾ?"

ಹೂವು ಎಷ್ಟು ದೊಡ್ಡದು? ನಾಲ್ಕಾಣೆಯಷ್ಟು.

ನಾನು ಆಗದು ಎನ್ನುವವನಲ್ಲ. (ಅದೇ ನನ್ನ ರೋಗ ಎನ್ನುತ್ತಾಳೆ ಹೆಂಡತಿ.) ಆದರೆ ನನ್ನ ಹೊಸ ಕ್ಯಾಮರಾ ಮೂರು ಅಡಿಗಿಂತ ಹತ್ತಿರ ಹೋದರೆ ಎಲ್ಲವನ್ನೂ ಮಂಜು ಮಾಡುತ್ತದೆ. ಪಾಸ್‌ಪೋರ್ಟ್ ಸೈಜಿಗೆ ಸಾಕು, ಲೇಸಿಗೆ ಸಾಲದು. ಆಗ ನೆನಪಾದದ್ದು ಅಟ್ಟದ ಮೇಲಿದ್ದ ಅಪ್ಪನ ಮರದ ಕ್ಯಾಮರಾ. ಹಾರ್ಮೋನಿಯಮ್ಮಿನ ಹಾಗೆ ಎಳೆದಷ್ಟೂ ಉದ್ದವಾಗುವ ಕ್ಯಾಮರಾ. ಎಳೆದಷ್ಟೂ ಎದುರಿನ ವಸ್ತು ದೊಡ್ಡದಾಗುತ್ತದೆ. ಅದಕ್ಕೆ ಹೊಂದುವ ಹಾಳೆ ಫಿಲ್ಮ್ ಎಂಟು ಇದ್ದವು, ಎಲ್ಲ ಡೇಟ್ ಮುಗಿದದ್ದು.

ಬಿಳಿ ಲೇಸಿಗೆ ಹಿಂದೆ ನುಣ್ಣಗಿನ ಕರಿ ಬಟ್ಟೆ ಬೇಕು. ಸ್ಟುಡಿಯೋದಲ್ಲಿ ಇದ್ದ ಒಂದೇ ಕರಿ ಬಟ್ಟೆ ನಾನು ತಲೆಗೆ ಹೊದೆಯುವ ಬಟ್ಟೆ. ಅದನ್ನು ಲೇಸಿಗೆ ಕೊಟ್ಟೆ. ನನ್ನ ತಲೆಗೆ ಕಂಬಳಿ ಬಂತು. ಫ್ಯಾನ್ ಹಾಕಿದರೆ ಲೇಸ್ ನಡುಗುತ್ತದೆ, ಹಾಗೆ ಫ್ಯಾನ್ ಬಂದ್. ಇಷ್ಟೇ ಕಥೆ. ಇದರಲ್ಲಿ ಜ್ವರ ಎಲ್ಲಿ ಉಂಟು?

ಆದರೆ ಕಂಬಳಿಯ ಒಳಗೆ ನಾನು ಕಂಡದ್ದನ್ನು ಹೇಗೆ ಹೇಳಲಿ!

ಕ್ಯಾಮರಾದ ಹಿಂದಿನ ಗಾಜಿನ ಮೇಲೆ ಆ ಲೇಸ್ ತಲೆಕೆಳಗಾಗಿ ಬೆಳಗುತ್ತಾ ಇತ್ತು. ಭೂತಗನ್ನಡಿ ಹಿಡಿದು ನೋಡಿದೆ. ಬರಿಗಣ್ಣಿಗೆ ಒಂದೇ ಎಳೆ ಕಾಣುವಲ್ಲಿ ಮೂರು ಎಳೆ ಹೊಸೆದ ನೂಲು. ಒಂದು ಕುಣಿಕೆಯೊಳಗಿಂದ ಇನ್ನೊಂದು, ಅದರೊಳಗಿಂದ ಮತ್ತೊಂದು. ಎಲ್ಲಿಯೂ ಗಂಟಿಲ್ಲ. ಎಲ್ಲಿಯೂ ಒಂದು ಕುಣಿಕೆ ದೊಡ್ಡದು, ಒಂದು ಚಿಕ್ಕದು ಎಂದಿಲ್ಲ. ಬಾಯಿಯ ಅಮ್ಮ, ಗದ್ದೆಗೆ ಹೋಗಿ, ಒಲೆಗೆ ಊದಿ, ಅದೇ ಕೈಯಲ್ಲಿ ಇದನ್ನು ಹೆಣೆದದ್ದಾ? ಬೆವರು ಮೂಗಿನಿಂದ ತೊಟ್ಟಿಕ್ಕುತ್ತಿತ್ತು. ನನಗೆ ಹೊರಗೆ ಬರಲು ಮನಸ್ಸಾಗಲಿಲ್ಲ. ಇಪ್ಪತ್ತು ವರ್ಷದಿಂದ ಈ ಕ್ಯಾಮರಾ, ಆ ಕ್ಯಾಮರಾ ಎಂದು ನೋಡಿದ್ದೇನೆ. ಇಷ್ಟು ಚಂದದ್ದನ್ನು ನೋಡಿಲ್ಲ.

ಒಂದೊಂದು ಎಕ್ಸ್‌ಪೋಶರಿಗೆ ಎಂಟು ಸೆಕೆಂಡು. ಹೈವೇಯಲ್ಲಿ ಲಾರಿ ಹೋದರೆ ಸ್ಟುಡಿಯೋದ ನೆಲ ಅದುರುತ್ತದೆ. ಒಂದು ಲಾರಿ ಹೋಗಿ ಇನ್ನೊಂದು ಬರುವುದರ ಒಳಗೆ ಎಂಟು ಎಣಿಸಬೇಕು. ಆರು ಫಿಲ್ಮ್ ಹಾಳಾಯಿತು. ಏಳನೆಯದು ಸಿಕ್ಕಿತು. ಎಂಟನೆಯದನ್ನು ಮುಟ್ಟಲಿಲ್ಲ. ಅಂಗಿ ಕೊಂಡುಹೋಗಲು ಬಂದ ಬಾಯಿಗೆ, ಫೋಟೋಗೆ ಮೂರು ದಿನ ಬಿಟ್ಟು ಬನ್ನಿ ಎಂದೆ.

ಬಂದರು. ಫೋಟೋ ನೋಡಿದರು. ಬಟ್ಟಲಿಗಿಂತ ದೊಡ್ಡ ಹೂವು, ಎಂಟು ಎಸಳು, ಒಂದೊಂದು ಕುಣಿಕೆಯೂ ಎಣಿಸುವ ಹಾಗೆ. ಬಾಯಿ ಬೆರಳಿನಿಂದ ಎಸಳನ್ನು ಸವರಿದರು. "ಅಮ್ಮಾ," ಎಂದರು. ನಾನು ಆ ದಿನ ಊಟಕ್ಕೆ ಕೂತವ ಎರಡು ಸಲ ಬಡಿಸಿಕೊಂಡೆ.

ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚಂದ ಇತ್ತು!

ಹತ್ತು ದಿನದ ಮೇಲೆ ಬಾಯಿ ಮತ್ತೆ ಬಂದರು. ಅದೇ ಎರಡು ಬಸ್ಸು, ಅದೇ ಬಿಸ್ಕೆಟ್ ಡಬ್ಬ. ಮುಖ ಸಪ್ಪೆ. ಫೋಟೋವನ್ನು ಮೇಜಿನ ಮೇಲಿಟ್ಟು ಹೇಳಿದರು: "ರಾಯರೇ, ಇದು ನಮ್ಮಮ್ಮನ ಲೇಸ್ ಅಲ್ಲ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ಅಲ್ಲ ಅಂದರೆ? ಕ್ಯಾಮರಾ ಸುಳ್ಳು ಹೇಳ್ತದಾ ಬಾಯಿ? ಆರು ಫಿಲ್ಮ್ ಹಾಳು ಮಾಡಿ, ಕಂಬಳಿಯಲ್ಲಿ ಬೆಂದು ತೆಗೆದದ್ದು! ನಿಮ್ಮ ಕಣ್ಣಿನ ಪೊರೆಗೆ ನಾನು ಎಂತ ಮಾಡ್ಲಿ? ಇಷ್ಟನ್ನೂ ಹೇಳಿದೆ. ಬರೆಯುವಾಗ ಈಗ ನಾಚಿಕೆಯಾಗುತ್ತದೆ.

ಬಾಯಿ ಡಬ್ಬದ ಮುಚ್ಚಳ ತೆಗೆದರು. ಅಂಗಿಯನ್ನು ಹೊರಗೆ ತೆಗೆದರು, ಒಂದು ಸೂಜಿಯನ್ನೂ ತೆಗೆದರು. ಅಮ್ಮನ ಲೇಸಿನ ಒಂದು ಎಸಳಿನ ಸರೀ ನಡುವಿಗೆ ಸೂಜಿಯ ಮೊನೆ ಇಟ್ಟರು. ಸೂಜಿ ಅಡ್ಡಿಯಿಲ್ಲದೆ ಆಚೆ ಹೋಯಿತು. ಪಕ್ಕದ ಎಸಳು. ಅಲ್ಲೂ ಆಚೆ ಹೋಯಿತು. ಎಂಟು ಎಸಳಿಗೂ ನಡುವೆ ಒಂದೊಂದು ತೂತು, ಸೂಜಿಮೊನೆಯಷ್ಟು.

"ಫೋಟೋದಲ್ಲಿ ಈ ತೂತು ಎಲ್ಲಿ ಉಂಟು?" ಎಂದು ಕೇಳಿದರು.

ಇರಲಿಲ್ಲ. ಒಂದೂ ಇರಲಿಲ್ಲ.

"ಫೋಟೋ ನೋಡಿ ನೋಡಿ ತೂತಿಲ್ಲದೆ ಹೆಣೆದೆ. ಎಸಳು ಹಪ್ಪಳದ ಹಾಗೆ ಸೊಟ್ಟ ಆಗ್ತದೆ. ಬಿಚ್ಚಿದೆ, ಹೆಣೆದೆ. ಮೂರು ಸಲ ಬಿಚ್ಚಿದೆ. ಕಣ್ಣು ಹೋಯ್ತು, ಈಗ ಕೈಯೂ ಹೋಯ್ತು, ಇನ್ನು ನಾನು ಎಂತಕ್ಕೆ ಅಂತ ಮೊನ್ನೆ ಕೂತು ಅತ್ತೆ ರಾಯರೇ. ಮಗು ಬರ್ಲಿಕ್ಕೆ ಇನ್ನು ಎಂಟು ದಿನ."

ನಾನು ನೆಗೆಟಿವ್ ತೆಗೆದು ಬೆಳಕಿಗೆ ಹಿಡಿದೆ. ಭೂತಗನ್ನಡಿ ಇಟ್ಟೆ. ನೋಡಿದೆ. ಕೂತುಬಿಟ್ಟೆ.

ನಮ್ಮ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು. ನೆಗೆಟಿವ್‌ನಲ್ಲಿ ಬಿಳಿಯೆಲ್ಲ ಕಪ್ಪು, ಕಪ್ಪೆಲ್ಲ ಬಿಳಿ. ಹಳೆ ಫಿಲ್ಮಿನಲ್ಲಿ ಅಲ್ಲಲ್ಲಿ ಸಣ್ಣ ಚುಕ್ಕೆಯಂಥ ತೂತು ಬೀಳುತ್ತದೆ. ಅದನ್ನು ಚೂಪು ಪೆನ್ಸಿಲಿನಿಂದ ಮುಟ್ಟಿ ಮುಟ್ಟಿ ಮುಚ್ಚುತ್ತೇವೆ. ಅದಕ್ಕೆ ರಿಟಚ್ ಎಂದು ಹೆಸರು. ಮುಖದ ಮೊಡವೆ, ಮಚ್ಚೆ, ಗೀರು, ಕುಳಿ, ಎಲ್ಲವೂ ಇದೇ ಪೆನ್ಸಿಲಿಗೆ ಬಲಿ. ಅಪ್ಪ ಇದರಲ್ಲಿ ನಿಸ್ಸೀಮರು. ನಾನೂ ಕಡಿಮೆಯವನಲ್ಲ. ನನ್ನ ಮದುವೆಯ ಫೋಟೋವನ್ನೂ ನಾನೇ ರಿಟಚ್ ಮಾಡಿದವ!

ಬಾಯಿಯ ಲೇಸಿನ ನೆಗೆಟಿವನ್ನೂ ಹಾಗೆಯೇ ಮೇಜಿಗೆ ತಂದು ಕೂತಿದ್ದೆ. ಕಪ್ಪಾದ ಎಸಳುಗಳಲ್ಲಿ ಬಿಳಿ ಚುಕ್ಕೆ ಕಂಡಿತು. ಡೇಟ್ ಮುಗಿದ ಫಿಲ್ಮಿನ ಗ್ರಹಚಾರ ಎಂದುಕೊಂಡೆ. ಶ್ರದ್ಧೆಯಿಂದ, ಉಸಿರು ಬಿಗಿಹಿಡಿದು, ಒಂದೊಂದನ್ನೇ ಮುಚ್ಚಿದೆ. ಎಲ್ಲ ಎಸಳಿನಲ್ಲೂ ಸರೀ ನಡುವಿನಲ್ಲೇ ಯಾಕಪ್ಪಾ ಚುಕ್ಕೆ ಬೀಳುತ್ತದೆ ಎಂದು ಒಂದು ಗಳಿಗೆಯಾದರೂ ಯೋಚಿಸಿದೆನಾ? ಇಲ್ಲ. ಕೈ ಮುಂದೆ ಹೋಗಿತ್ತು, ತಲೆ ಹಿಂದೆ ಉಳಿದಿತ್ತು.

ಲೇಸ್ ಎಂದರೇನು ಸ್ವಾಮೀ? ನೂಲು ಮಾತ್ರವಾ? ತೂತು ಎಲ್ಲಿ ಬಿಡಬೇಕು ಎಂದು ತಿಳಿದವಳೇ ಲೇಸ್ ಹೆಣೆಯುವವಳು. ಆ ತಾಯಿ ಎಸಳು ಮೆತ್ತಗೆ ಬಾಗಲಿ, ಮಗುವಿನ ಕಾಲಿಗೆ ಚುಚ್ಚದಿರಲಿ ಎಂದು ಲೆಕ್ಕ ಮಾಡಿ ಬಿಟ್ಟ ತೂತನ್ನು ನಾನು ಲೋಪ ಎಂದು ತೀರ್ಮಾನಿಸಿ ಮುಚ್ಚಿದೆ. ಬುದ್ಧಿವಂತ!

"ತಪ್ಪು ನನ್ನದು ಬಾಯಿ. ನಿಮ್ಮ ಕೈಯದ್ದಲ್ಲ," ಎಂದೆ.

ಬಾಯಿ ನನ್ನನ್ನು ನೋಡಿದರು. ಬೈಯಲಿಲ್ಲ. ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ತಾವೇ ನೋಡಿಕೊಂಡರು. "ಹಾಗಾದ್ರೆ ಕೈ ಉಂಟು," ಎಂದು ನಕ್ಕುಬಿಟ್ಟರು.

ಹತ್ತಿಗೆ ಟರ್ಪೆಂಟೈನ್ ಅದ್ದಿ ನೆಗೆಟಿವ್ ಒರೆಸಿದೆ. ಹಾಕಿದ ಪೆನ್ಸಿಲನ್ನು ಅಳಿಸಿದ್ದು ನನ್ನ ಜನ್ಮದಲ್ಲೇ ಮೊದಲ ಸಲ. ಬಾಯಿಯನ್ನು ಕೂರಿಸಿ ಚಾ ಕುಡಿಸಿ, ಅಲ್ಲೇ ಹೊಸ ಪ್ರಿಂಟ್ ಹಾಕಿ, ಒಣಗಿಸಿ, ಸಂಜೆಯ ಬಸ್ಸಿಗೆ ಹತ್ತಿಸಿದೆ.

ಜ್ಞಾನಸ್ನಾನದ ದಿನ ಮನೆಗೆ ಬರಲು ಬಾಯಿ ಹೇಳಿ ಕಳಿಸಿದರು. ಹೋದೆ. ಮಗು ಅಂಗಿ ತೊಟ್ಟು ಊರಿಗೆಲ್ಲ ಕೇಳುವ ಹಾಗೆ ಅಳುತ್ತಿತ್ತು. ನಾನು ಭೂತಗನ್ನಡಿ ಹಿಡಿದು ಅಂಚನ್ನು ಸುತ್ತಲೂ ನೋಡಿದೆ. ಇಲಿ ತಿಂದ ಜಾಗ ಯಾವುದು? ಗೊತ್ತಾಗಲಿಲ್ಲ. ಹೊಸ ನೂಲು ಬಿಳಿ ಹೊಡೆಯಬೇಕಲ್ಲ? ಅದೂ ಇಲ್ಲ.

"ಚಾದ ನೀರಿನಲ್ಲಿ ಅದ್ದಿದೆ," ಎಂದರು ಬಾಯಿ, ಕಳ್ಳನಗೆ ನಗುತ್ತಾ. "ಹುಡುಕಿ, ಹುಡುಕಿ. ನಿಮ್ಮ ಕಣ್ಣಿಗೆ ಪೊರೆ ಬಂದಿಲ್ಲವಲ್ಲ?"

ಪೊರೆ ಬಂದ ಕಣ್ಣು ಹೆಣೆದದ್ದನ್ನು ಪೊರೆ ಬಾರದ ಕಣ್ಣಿಗೆ ಹುಡುಕಲಾಗಲಿಲ್ಲ. ನಾನು ಸೋತೆ. ಇಷ್ಟು ಸಂತೋಷದಿಂದ ನಾನು ಯಾರಿಗೂ ಸೋತದ್ದಿಲ್ಲ.

ಆಮೇಲೆ ಬಾಯಿ ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತರು. ಅವರ ಹಿಂದಿನ ಗೋಡೆಯಲ್ಲಿ ಅಪ್ಪ ತೆಗೆದ ಮದುವೆಯ ಫೋಟೋ. ಮೊಟ್ಟೆಯ ಹಾಗೆ ನುಣುಪು ಮುಖದ ಒಬ್ಬಳು ಹುಡುಗಿ. ನಾನು ಮರದ ಕ್ಯಾಮರಾ ತಂದಿದ್ದೆ, ಎಂಟನೆಯ ಫಿಲ್ಮನ್ನೂ ತಂದಿದ್ದೆ. ತಲೆಗೆ ಬಟ್ಟೆ ಎಳೆದುಕೊಳ್ಳುವಾಗ ಅವರು ಕರೆದರು.

"ರಾಯರೇ, ಒಂದು ಮಾತು. ಗೋಡೆಯ ಮೇಲಿನವಳು ಯಾರು ಅಂತ ನನಗೆ ಇವತ್ತಿನವರೆಗೆ ಗೊತ್ತಾಗಲಿಲ್ಲ. ನನ್ನ ಗಂಡನೂ ಅವಳನ್ನು ನೋಡಿ ಯಾರಿವಳು ಅಂತ ತಮಾಷೆ ಮಾಡ್ತಿದ್ರು. ಈ ಮಗು ದೊಡ್ಡದಾಗಿ ನೋಡುವಾಗ ಅಜ್ಜಿಯೇ ಕಾಣಬೇಕು. ನನ್ನ ಮುಖದ ಒಂದು ತೂತನ್ನೂ ಮುಚ್ಚಬೇಡಿ. ಆಗ್ತದಾ?"

ಆಗ್ತದೆ ಎಂದೆ. ಕಂಬಳಿ ಇಲ್ಲದೆಯೂ ನನಗೆ ಬೆವರಿತು.

ಆ ಪ್ರಿಂಟ್ ಮೊನ್ನೆ ಒಣಗಿತು. ಒಂದು ಚುಕ್ಕೆಯನ್ನೂ ಮುಟ್ಟಿಲ್ಲ. ಬಾಯಿಯ ಮುಖದ ಒಂದೊಂದು ಕುಳಿ, ಕಣ್ಣ ಮೂಲೆಯ ಗೆರೆ, ನಗು, ಕೆಳಗೆ ಅಮ್ಮನ ಲೇಸ್, ಮಗಳ ಲೇಸ್, ಎಲ್ಲವೂ ಇದ್ದಲ್ಲೇ ಇದೆ. ನಮ್ಮ ಸ್ಟುಡಿಯೋದಿಂದ ಇಷ್ಟು ಚಂದದ ಫೋಟೋ ಹೊರಗೆ ಹೋದದ್ದಿಲ್ಲ. ಜಂಬ ಅಲ್ಲ, ಸತ್ಯ. ಯಾಕೆಂದರೆ ಇದರಲ್ಲಿ ನಾನು ಮಾಡಿದ್ದು ಏನೂ ಇಲ್ಲ.

ಊಟದ ಬುತ್ತಿ ತಂದ ಹೆಂಡತಿ ಅದನ್ನು ಕೈಗೆತ್ತಿಕೊಂಡು ತುಂಬ ಹೊತ್ತು ನೋಡಿದಳು. ಬಾಯಿ ಹೇಳಿದ ಮಾತನ್ನೂ ಅವಳಿಗೆ ಹೇಳಿದೆ. ಫೋಟೋ ಕೆಳಗಿಟ್ಟಳು. ಬುತ್ತಿಯ ಮುಚ್ಚಳ ತೆಗೆದಳು. ಅನ್ನ ಕಲಸಿ ನಾನು ಮೊದಲ ತುತ್ತು ಬಾಯಿಗಿಡುವಾಗ ಕೇಳಿದಳು:

"ಹಾಗಾದ್ರೆ ನಮ್ಮ ಮದುವೆ ಫೋಟೋದಿಂದ ತೆಗೆದ ನನ್ನ ಕೆನ್ನೆಯ ಮಚ್ಚೆಯನ್ನು ಯಾವಾಗ ವಾಪಸ್ ಕೊಡ್ತೀರಿ?"