ಮೂರನೇ ಸಲ ಕೇಳದವರು

ಆರ್ಡಿಸ್ ಟಾಲೆಫ್ಸನ್ ನನ್ನ ಪಕ್ಕದ ಮನೆಯವಳು. ಅವಳ ಬಗ್ಗೆ ಬರೆಯಬೇಕೆಂದು ಕೂತಾಗಲೆಲ್ಲ ಅವಳ ತಂಗಿಯ ಮುಖ ಕಣ್ಣ ಮುಂದೆ ಬಂದು ಮೈ ಉರಿಯುತ್ತದೆ. ಆರಲಿ, ಆಮೇಲೆ ಬರೆಯೋಣ ಎಂದು ಇಷ್ಟು ದಿನ ಕಾದೆ. ಆರುವ ಲಕ್ಷಣ ಕಾಣುತ್ತಿಲ್ಲ, ಉರಿಯುತ್ತಲೇ ಬರೆದುಬಿಡುತ್ತೇನೆ.

ನಾನು ನ್ಯೂಜೆರ್ಸಿಯವಳು, ಹೆಸರು ಕೋನಿ. ನಮ್ಮ ಕಡೆ ಬೇಕು ಅಂದರೆ ಬೇಕು, ಬೇಡ ಅಂದರೆ ಬೇಡ. ಎರಡನ್ನೂ ಬೀದಿಗೆ ಕೇಳುವ ಹಾಗೆ ಹೇಳುತ್ತೇವೆ. ಆರ್ಡಿಸ್ ಮತ್ತು ಅವಳ ಗಂಡ ಮರ್ಲ್ ಮಿನೆಸೋಟದ ಹಿಮ ಬಿಟ್ಟು ಅರಿಜೋನದ ಈ ಮರಳುಗಾಡಿಗೆ, ನಮ್ಮ ನಿವೃತ್ತರ ಕಾಲೊನಿಗೆ ಬಂದ ದಿನ, ಒಂದು ದೊಡ್ಡ ತಟ್ಟೆ ತುಂಬ ಚೀಸ್ ಹಾಕಿದ ಪಾಸ್ತಾ ಬೇಯಿಸಿ ಒಯ್ದೆ. ಅಯ್ಯೋ ಬೇಡ, ನಿಮಗ್ಯಾಕೆ ತೊಂದರೆ ಅಂದಳು. ತಗೊಳ್ಳಿ ಅಂದೆ. ಇಲ್ಲ ಇಲ್ಲ, ಬೇಡ ಅಂದಳು. ಬೇಡದವರಿಗೆ ಬಲವಂತ ಏಕೆ ಎಂದು ತಟ್ಟೆ ವಾಪಸ್ ತಂದು ನಾನೇ ತಿಂದೆ. ಮರುದಿನ ಮರ್ಲ್ ನಡುವಿನ ಗಿಡ್ಡ ಗೋಡೆಯ ಹತ್ತಿರ ಬಂದು ಟೋಪಿ ತೆಗೆದು ನಿಂತ.

"ಇನ್ನೊಂದು ಸಲ ಕೇಳ್ತೀರ ಅಂತ ಮೇಜಿನ ಮೇಲೆ ಜಾಗ ಮಾಡಿ ಇಟ್ಟಿದ್ವಿ," ಅಂದ. "ನಮ್ಮೂರಲ್ಲಿ ಮೂರನೇ ಸಲ ಕೇಳಿದಾಗ್ಲೇ ಹ್ಞೂಂ ಅನ್ನೋದು. ಮೊದಲನೇ ಸಲಕ್ಕೇ ಕೈ ಚಾಚಿದ್ರೆ ಹೊಟ್ಟೆಬಾಕ ಅಂತಾರೆ. ನಿನ್ನೆ ರಾತ್ರಿ ಬರೀ ಬ್ರೆಡ್ ತಿಂದು ಮಲಗಿದ್ವಿ."

ಅವತ್ತು ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಆಮೇಲೆ ನಾನೂ ಕಲಿತೆ. ಕಾಫಿ ಬೇಕಾ, ಬೇಡ. ಸ್ವಲ್ಪ ಕುಡಿ, ಬೇಡ. ಅರ್ಧ ಲೋಟವಾದರೂ? ಹಾಗಾದರೆ ಸ್ವಲ್ಪ. ಹೀಗೆ ಆ ದಂಪತಿಯ ಜೊತೆ ಬದುಕಿದೆ, ಅವರನ್ನು ನನ್ನ ಒಡಹುಟ್ಟಿದವರಿಗಿಂತ ಹೆಚ್ಚು ಹಚ್ಚಿಕೊಂಡೆ.

ಆರ್ಡಿಸ್ ಹೈನುಗಾರರ ಮನೆಯ ಹಿರಿಮಗಳು. ಶಾಲೆಯ ಅಡುಗೆಮನೆಯಲ್ಲಿ ಊರ ಮಕ್ಕಳಿಗೆಲ್ಲ ಬಡಿಸಿ ಬಡಿಸಿ ನಿವೃತ್ತಿಯಾದವಳು. ಮರ್ಲ್ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುತ್ತಿದ್ದ. ಊರೆಲ್ಲ ಹೊದ್ದು ಮಲಗಿದ್ದಾಗ ಅವನು ರಸ್ತೆಯಲ್ಲಿರುತ್ತಿದ್ದ, ಇವಳು ಕಿಟಕಿಯಲ್ಲಿರುತ್ತಿದ್ದಳು. ಮದುವೆಯಾದ ಮೇಲೆ ಒಂದು ಚಳಿಗಾಲವನ್ನೂ ಜೊತೆಯಾಗಿ ಕಳೆಯಲಿಲ್ಲ ಎಂಬುದು ಅವಳ ಕೊರಗು. ಅದಕ್ಕೇ ಈ ಮನೆ. ಹಿಂದುಗಡೆ ಜಗುಲಿ, ಎದುರಿಗೆ ಪಾಪಾಸುಕಳ್ಳಿ, ಸಂಜೆಯಾದರೆ ಕಾಳು ಹೆಕ್ಕಲು ಬರುವ ಜುಟ್ಟಿನ ಗೌಜಲಹಕ್ಕಿಗಳು. ಮರ್ಲ್ ಕಾಳು ಚೆಲ್ಲುವುದು, ಇಬ್ಬರೂ ಉಸಿರು ಬಿಗಿಹಿಡಿದು ಕೂರುವುದು. ಅವರಿಗೆ ಬೇಕಾಗಿದ್ದದ್ದು ಇಷ್ಟೇ.

ಆದರೆ ಮರಳುಗಾಡಿನಲ್ಲಿ ಮನೆ ಮಾಡಿದವರಿಗೆ ಹಿಮದೂರಿನಲ್ಲಿ ಎಷ್ಟೊಂದು ನೆಂಟರು ಹುಟ್ಟಿಕೊಳ್ಳುತ್ತಾರೆ ಎಂಬುದು ನಮ್ಮ ಕಾಲೊನಿಯಲ್ಲಿ ಎಲ್ಲರಿಗೂ ಗೊತ್ತು. ಜನವರಿ ಬಂತೆಂದರೆ ಸಾಕು, ಮದುವೆಗೂ ಬಾರದವರು ಚಡ್ಡಿ ಹಾಕಿಕೊಂಡು ಇಳಿಯುತ್ತಾರೆ. ಹಾಸಿಗೆ ಅವರದು, ಈಜುಕೊಳದ ಚೀಟಿ ಅವರದು, ನಮ್ಮ ಕಿತ್ತಳೆ ಮರ ಅವರದು. ಒದ್ದೆ ಟವೆಲ್ ಮಾತ್ರ ನಮ್ಮದು. ಹೋಗುವಾಗ ನಿಮ್ಮದೇನಪ್ಪ ದಿನಾ ರಜೆ ಅಂದು ಹೋಗುತ್ತಾರೆ. ನಾನು ನನ್ನ ಭಾವನಿಗೆ ಎರಡನೇ ವರ್ಷವೇ ಹೋಟೆಲಿನ ವಿಳಾಸ ಕೊಟ್ಟೆ. ಆರ್ಡಿಸ್‌ಗೆ ಅದು ಆಗದ ಕೆಲಸ. ಅವಳ ತಂಗಿ ಕಾರಿನ್ ಪ್ರತಿ ಫೆಬ್ರವರಿ ಗಂಡ ಡುವೇನ್ ಜೊತೆ ಬಂದು ಬಿಡಾರ ಹೂಡುತ್ತಿದ್ದಳು, ಸಾಲದ್ದಕ್ಕೆ ತನ್ನ ಗೆಳೆಯರನ್ನೂ ಕರೆಸಿಕೊಳ್ಳುತ್ತಿದ್ದಳು.

ಮರ್ಲ್‌ನ ಶ್ವಾಸಕೋಶ ಕೈಕೊಟ್ಟಿತು. ಮೂಗಿಗೆ ಆಮ್ಲಜನಕದ ಕೊಳವೆ ಬಂತು. ಈ ಚಳಿಗಾಲ ಕಳೆದರೆ ಇನ್ನೊಂದನ್ನು ನೋಡುವುದು ಕಷ್ಟ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಅವತ್ತು ಆರ್ಡಿಸ್ ಗೋಡೆಯ ಹತ್ತಿರ ಬಂದು, ನಾನು ಕೇಳದೆಯೇ, ತನಗೆ ಬೇಕಾದ್ದೊಂದನ್ನು ಬಾಯಿಬಿಟ್ಟು ಹೇಳಿದಳು. "ಈ ಫೆಬ್ರವರಿ ನಾವಿಬ್ಬರೇ ಇರಬೇಕು ಕಣೆ ಕೋನಿ. ಬೇರೇನೂ ಬೇಡ."

ತಂಗಿಯ ಫೋನು ಬಂದಾಗ ನಾನು ಅಲ್ಲೇ ಇದ್ದೆ. ಆರ್ಡಿಸ್ ಲೆಫ್ಸೆ ಲಟ್ಟಿಸುತ್ತಿದ್ದಳು, ಆಲೂಗಡ್ಡೆ ಕಲಸಿ ಮಾಡುವ ತೆಳು ರೊಟ್ಟಿ. ಕೈಯೆಲ್ಲ ಹಿಟ್ಟಾದ್ದರಿಂದ ಫೋನನ್ನು ಮೇಜಿನ ಮೇಲಿಟ್ಟು ಜೋರಾಗಿ ಕೇಳುವ ಹಾಗೆ ಮಾಡಿದ್ದಳು.

"ಭಾವನಿಗೆ ಹುಷಾರಿಲ್ವಂತೆ. ನಾವು ಈ ಸಲ ಬರೋದು ಬೇಡ ಅಲ್ವಾಕ್ಕ?" ಅಂದಳು ಕಾರಿನ್.

"ಛೆ, ಹಾಗೇನಿಲ್ಲ. ಬನ್ನಿ."

"ನಿಜವಾಗ್ಲೂ? ನಿನಗೆ ತೊಂದರೆ ಆಗಲ್ವಾ?"

"ಏನೂ ತೊಂದರೆ ಇಲ್ಲ."

ಲಟ್ಟಣಿಗೆ ನಿಂತಿತು. ಆರ್ಡಿಸ್ ಕಾಯುತ್ತಿದ್ದಳು. ನಾನೂ ಕಾಯುತ್ತಿದ್ದೆ. ಕೇಳು, ಇನ್ನೊಂದೇ ಒಂದು ಸಲ ಕೇಳು, ಪುಣ್ಯಾತಗಿತ್ತಿ.

"ಹಾಗಾದ್ರೆ ಸರಿ. ಟಿಕೆಟ್ ಆಗಲೇ ತಗೊಂಡಿದೀವಿ," ಎಂದು ಕಾರಿನ್ ಫೋನಿಟ್ಟಳು.

ಈಗಲೇ ವಾಪಸ್ ಫೋನು ಮಾಡಿ ಬರಬೇಡ ಅನ್ನು ಎಂದು ನಾನು ಹೇಳಿದೆ. ಹಾಗೆಲ್ಲ ಹೇಳೋಕಾಗುತ್ತಾ ಅಂದಳು. ನಾನು ಹೇಳಲಾ ಅಂದೆ. ನಿನ್ನ ಕಾಲಿಗೆ ಬೀಳ್ತೀನಿ ಬೇಡ ಅಂದಳು. ಆ ಬೇಡ ಮಾತ್ರ ನಿಜವಾದ ಬೇಡವಾಗಿತ್ತು. ಅವಳ ಮೇಲೂ ನನಗೆ ಸಿಟ್ಟು ಬಂತು, ಅದನ್ನು ಮುಚ್ಚಿಡುವುದಿಲ್ಲ.

ಬಂದರು. ಜಗುಲಿ ಇಸ್ಪೀಟಿನ ಕಟ್ಟೆಯಾಯಿತು. ಡುವೇನ್ ಗೆದ್ದಾಗಲೆಲ್ಲ ಮೇಜು ಗುದ್ದುತ್ತಿದ್ದ, ಹಕ್ಕಿಗಳು ಬರುವುದನ್ನೇ ಬಿಟ್ಟವು. ಮರ್ಲ್‌ನ ಕುರ್ಚಿಯನ್ನು ಒಳಗೆ ಟಿವಿ ಮುಂದೆ ಎಳೆದರು, ಅವನಿಗೆ ಬೆಚ್ಚಗಿರಲಿ ಎಂದು. ಆರ್ಡಿಸ್ ಬೆಳಗಾಗೆದ್ದು ದೋಸೆಯಂಥ ಪ್ಯಾನ್‌ಕೇಕ್ ಹುಯ್ದು, ಹಾಸಿಗೆ ಬದಲಿಸಿ, ಅವರನ್ನು ಕಳ್ಳಿಯ ಮುಂದೆ ನಿಲ್ಲಿಸಿ ಫೋಟೋ ತೆಗೆದು, ಸಂಜೆಗೆ ಗಂಡನ ಪಕ್ಕ ಕೂರುವ ಹೊತ್ತಿಗೆ ತೂಕಡಿಸುತ್ತಿದ್ದಳು.

ಒಂದು ದಿನ ತಡೆಯಲಾರದೆ, ಕಿತ್ತಳೆ ಕೀಳುತ್ತಿದ್ದ ಕಾರಿನ್ ಹತ್ತಿರ ಹೋಗಿ, ನಿಮ್ಮಕ್ಕನಿಗೆ ನೀವು ಬಂದಿರೋದು ಬೇಡವಾಗಿದೆ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ಅವಳು ನನ್ನನ್ನು ಕರೆದುಕೊಂಡೇ ಒಳಗೆ ಹೋಗಿ, ಹೌದೇನಕ್ಕ ಎಂದು ಕೇಳಿದಳು. ಛೆ, ಯಾರಂದರು ಅಂದಳು ಆರ್ಡಿಸ್. ಸತ್ಯವಾಗ್ಲೂ? ಸತ್ಯವಾಗ್ಲೂ. ಕಾರಿನ್ ನನ್ನ ಕಡೆ ತಿರುಗಿ ನಕ್ಕಳು. ಆ ನಗುವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಆ ವಾರದ ಕೊನೆಗೆ ಕಾರಿನ್‌ಳ ಗಾಲ್ಫ್ ಗೆಳೆಯರು ಗಂಡ ಹೆಂಡತಿ ಫೀನಿಕ್ಸ್ ವಿಮಾನ ನಿಲ್ದಾಣಕ್ಕೆ ಬರುವವರಿದ್ದರು. ಹೋಗಿ ಬರಲು ಅರ್ಧ ದಿನದ ದಾರಿ. ಡುವೇನ್‌ಗೆ ದೊಡ್ಡ ರಸ್ತೆಯೆಂದರೆ ಭಯವಂತೆ, ಕಾರಿನ್‌ಗೆ ದಾರಿ ಗೊತ್ತಿಲ್ಲವಂತೆ. ನನಗೆ ಕಣ್ಣಿನ ಪೊರೆ, ಕಾಲೊನಿಯೊಳಗೆ ಓಡಾಡುವ ಪುಟ್ಟ ಗಾಲ್ಫ್ ಗಾಡಿ ಬಿಟ್ಟು ಬೇರೇನೂ ಓಡಿಸಕೂಡದು. ಮರ್ಲ್ ಅವತ್ತು ಬೆಳಗಿನಿಂದ ಬಿಳಿಚಿಕೊಂಡಿದ್ದ, ಗಂಜಿಯನ್ನೂ ಮುಟ್ಟಿರಲಿಲ್ಲ. ಅವರಿಗೆ ಬಾಡಿಗೆ ವ್ಯಾನಿನಲ್ಲಿ ಬರೋಕೆ ಹೇಳಲಾ ಎಂದು ಕಾರಿನ್ ಕೇಳಿದಳು. ಬೇಡ, ನಾನು ಹೋಗ್ತೀನಿ ಅಂದಳು ಆರ್ಡಿಸ್. ಖಂಡಿತಾನಾ? ಖಂಡಿತ. ಅಷ್ಟೇ. ಆರ್ಡಿಸ್ ಕಾರಿನ ಕೀ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತೇ ಇದ್ದಳು. ಕಾರಿನ್ ಮುಖಕ್ಕೆ ಬಿಸಿಲಿನ ಕ್ರೀಮು ಹಚ್ಚಿಕೊಳ್ಳುತ್ತಿದ್ದಳು. ಆರ್ಡಿಸ್ ಮರ್ಲ್‌ನ ಹಣೆ ಮುಟ್ಟಿ, ಕೋನಿ ನೋಡ್ಕೊಳ್ಳೆ ಅಂದು ಹೋದಳು.

ತಂಗಿ ಮತ್ತು ಅವಳ ಗಂಡ ಈಜುಕೊಳಕ್ಕೆ ಹೋದರು. ಮನೆ ತಣ್ಣಗಾಯಿತು. ನಾನು ಕುರ್ಚಿ, ಕೊಳವೆ, ಸಿಲಿಂಡರು ಸಮೇತ ಮರ್ಲ್‌ನನ್ನು ಜಗುಲಿಗೆ ತಳ್ಳಿಕೊಂಡು ಬಂದು ಕಾಳು ಚೆಲ್ಲಿದೆ. ಬಹಳ ಹೊತ್ತಿನ ಮೇಲೆ ಒಂದು ಹಕ್ಕಿ, ಅದರ ಹಿಂದೆ ಮಿಕ್ಕವು, ಜುಟ್ಟು ಕುಣಿಸುತ್ತ ಬಂದವು. ಆರ್ಡಿಸ್ ಬಂದ್ಲಾ ಎಂದು ಕೇಳಿದ. ಬರ್ತಾಳೆ ಅಂದೆ.

"ಕಾರಿನ್ ಮೂರನೇ ಸಲ ಕೇಳ್ಲಿಲ್ಲ ಅಲ್ವಾ," ಅಂದ.

ಅವಳಿಗೆ ಮರೆತಿರಬೇಕು, ಪಟ್ಟಣ ಸೇರಿದವಳಲ್ವಾ ಅಂದೆ.

"ಮರೆತಿಲ್ಲ. ಚಿಕ್ಕಂದಿನಿಂದ ಹಾಗೇ. ಎರಡಕ್ಕೆ ನಿಲ್ಲಿಸಿಬಿಡ್ತಾಳೆ. ಅಕ್ಕ ಮೂರನೇದಕ್ಕೆ ಕಾಯ್ತಾಳೆ ಅಂತ ಅವಳಿಗೆ ಚೆನ್ನಾಗಿ ಗೊತ್ತು."

ಅವನು ಮಾತಾಡಿದ್ದು ಅದೇ ಕೊನೆ. ಹಕ್ಕಿಗಳು ಇನ್ನೂ ಕಾಳು ಹೆಕ್ಕುತ್ತಿದ್ದವು, ನನ್ನ ಕೈಯಲ್ಲಿದ್ದ ಅವನ ಕೈ ಭಾರವಾಯಿತು. ಆರ್ಡಿಸ್ ಇರಬೇಕಾದ ಕುರ್ಚಿಯಲ್ಲಿ ನಾನು ಕೂತಿದ್ದೆ.

ಕಾರು ಬಂತು. ಆರ್ಡಿಸ್ ಓಡಿಬಂದು ಅವನ ಮೊಣಕಾಲಿಗೆ ತಲೆಯಿಟ್ಟು ನೆಲದ ಮೇಲೆ ಕೂತಳು. ಅವಳ ಹಿಂದೆಯೇ ನಾನೆಂದೂ ನೋಡಿರದ ಇಬ್ಬರು ಗಾಲ್ಫ್ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತು, ಬಚ್ಚಲುಮನೆ ಯಾವ ಕಡೆ ಎಂದು ನನ್ನನ್ನು ಕೇಳಿದರು. ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯಲಾಗದು.

ನಾವೆಲ್ಲ ಹೊರಟುಬಿಡೋಣ್ವಾ ಎಂದು ಕಾರಿನ್ ಅಕ್ಕನನ್ನು ಕೇಳಿದಳು, ಎರಡು ಸಲ. ಎರಡು ಸಲವೂ ಆರ್ಡಿಸ್, ಬೇಡ, ಇರಿ ಅಂದಳು. ಇದ್ದರು. ಟಿಕೆಟ್ಟಿನ ತಾರೀಖಿನವರೆಗೂ ಇದ್ದು, ಕೊಳದಲ್ಲಿ ಈಜಿ, ಸಂತಾಪ ಹೇಳಲು ಬಂದವರು ತಂದ ಊಟವನ್ನೆಲ್ಲ ತಿಂದು, ಕಿತ್ತಳೆ ಚೀಲ ಹೊತ್ತು ಹೋದರು. ಸದ್ಯ, ಭಾವ ಹೋಗುವಾಗ ಮನೆ ತುಂಬ ಜನ ಇದ್ದರು ಎಂದು ಕಾರಿನ್ ಬಂದವರಿಗೆಲ್ಲ ಹೇಳುತ್ತಿದ್ದಳು.

ಅವರು ಹತ್ತಿದ ಬಾಡಿಗೆ ವ್ಯಾನು ತಿರುವು ದಾಟಿದ ಮೇಲೆ ಮರ್ಲ್‌ನ ಕೊನೆಯ ಮಾತನ್ನು ಆರ್ಡಿಸ್‌ಗೆ ಹೇಳಿದೆ. ಹೇಳಬಾರದಿತ್ತು ಎಂದು ನನಗೆ ಇವತ್ತಿಗೂ ಅನಿಸಿಲ್ಲ. ಅವಳು ಒದ್ದೆ ಟವೆಲುಗಳನ್ನು ಎತ್ತಿಕೊಂಡು ಒಗೆಯಲು ಹೋದಳು.

ಬೇಸಿಗೆ ಸುಟ್ಟು ಮುಗಿಯಿತು. ಚಳಿ ಶುರುವಾಗುವ ಹೊತ್ತಿಗೆ, ಆರ್ಡಿಸ್ ಮತ್ತೆ ಲೆಫ್ಸೆ ಲಟ್ಟಿಸುತ್ತಿದ್ದಾಗ, ಫೋನು ಬಂತು. ನಾನು ಕಾವಲಿಯ ಮುಂದೆ ನಿಂತು ರೊಟ್ಟಿ ತಿರುವುತ್ತಿದ್ದೆ.

"ನೀನು ಒಬ್ಬಳೇ ಇದೀಯ ಅಂತ ನೆನೆಸ್ಕೊಂಡು ಸಂಕಟ ಆಗುತ್ತೆ ಅಕ್ಕ," ಅಂದಳು ಕಾರಿನ್. "ಫೆಬ್ರವರಿಗೆ ಬರೋಣ ಅಂತಿದ್ವಿ. ಬೇಡ ಬಿಡು, ನಿನಗ್ಯಾಕೆ ತೊಂದರೆ."

"ತೊಂದರೆ ಏನು, ಬನ್ನಿ," ಅಂದಳು ಆರ್ಡಿಸ್. ನಾನು ಸಟ್ಟುಗ ಬಿಸಾಡುವವಳಿದ್ದೆ.

"ಇಲ್ಲಕ್ಕ, ಬೇಡ. ನಿನಗೆ ಸುಮ್ನೆ ಕೆಲಸ."

"ಕೆಲಸ ಏನಿದೆ. ಬನ್ನಿ."

"ಬೇಡ ಬೇಡ. ನೀನು ಆರಾಮಾಗಿರು."

ಆರ್ಡಿಸ್ ಲಟ್ಟಣಿಗೆ ಕೆಳಗಿಟ್ಟಳು. ಆ ಕಡೆ ಕಾರಿನ್ ಉಸಿರಾಡುವುದು ಕೇಳುತ್ತಿತ್ತು. ಈಗ ಅವಳು ಕಾಯುತ್ತಿದ್ದಳು. ಕಾವಲಿಯ ಮೇಲಿನ ರೊಟ್ಟಿ ಸೀಯುವ ವಾಸನೆ ಬಂದರೂ ನಾನು ಅಲುಗಾಡಲಿಲ್ಲ.

"ಹಾಗಾದ್ರೆ ಸರಿ," ಎಂದು ಆರ್ಡಿಸ್ ಹಿಟ್ಟಿನ ಬೆರಳಿನಿಂದಲೇ ಫೋನು ಆರಿಸಿದಳು.

ಅದು ತಕ್ಷಣ ಮತ್ತೆ ಹೊಡೆದುಕೊಳ್ಳತೊಡಗಿತು. ಆರ್ಡಿಸ್ ಅದನ್ನೇ ನೋಡುತ್ತ ನಿಂತಳು. ಇಷ್ಟು ವರ್ಷ ಹಲ್ಲು ಕಚ್ಚಿ ಹಿಡಿದಿದ್ದ ಸಿಟ್ಟು ಈಗ ಮುಖಕ್ಕೆ ಬಂದಿತ್ತು.

"ಹೋದ ವರ್ಷವೇ ಬೇಡ ಅನ್ನಬೇಕಿತ್ತು ಕಣೆ," ಅಂದಳು.

ಹೌದು, ಅನ್ನಬೇಕಿತ್ತು ಅಂದೆ. ನಮ್ಮ ಕಡೆ ಹಾಗೇ ಹೇಳುವುದು.

ಅವಳು ಕೈ ತೊಳೆದುಕೊಂಡು, ಕಾಳಿನ ಡಬ್ಬ ಎತ್ತಿಕೊಂಡು ಜಗುಲಿಗೆ ಹೋದಳು. ನಾನು ಫೋನು ನಿಲ್ಲುವವರೆಗೂ ಒಳಗಿದ್ದು, ಆಮೇಲೆ ಹೋಗಿ ಪಕ್ಕದಲ್ಲಿ ಕೂತೆ. ಮರ್ಲ್‌ನ ಕುರ್ಚಿಯಲ್ಲಿ ಇಬ್ಬರೂ ಕೂರಲಿಲ್ಲ.