ಅಣ್ಣ ಆರಿಸಿಕೊಟ್ಟ ಮನೆ

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯ ನೆಲಮಹಡಿಗೆ ಎರಡನೆಯ ಸಲ ನೀರು ನುಗ್ಗಿದ ಮೇಲೂ ಸೆಕ್ರೆಟರಿಯವರ ಮಾತು ಬದಲಾಗಲಿಲ್ಲ. ಉಡುಪಿ ಕಡೆಯ ಹೋಟೆಲ್ ಮಾಲೀಕರು ಅವರು. ಇಂಥ ಮಳೆ ನೂರು ವರ್ಷಕ್ಕೊಮ್ಮೆ, ವಿದ್ಯುತ್ ಮೀಟರುಗಳನ್ನು ಮೇಲಕ್ಕೆ ಒಯ್ಯುವ ಅಗತ್ಯವೇ ಇಲ್ಲ ಎನ್ನುತ್ತಿದ್ದರು. ಫ್ಲಾಟ್ ಕೊಳ್ಳಲು ನೋಡಬಂದವರಿಗೆ ಕಾಣದಿರಲೆಂದು, ನೀರು ನಿಂತ ಗುರುತಿನ ಮೇಲೆ ಗಣೇಶ ಚೌತಿಗೆ ಮೊದಲೇ ಬಣ್ಣ ಹೊಡೆಸಿದರು.

ನೆಲಮಹಡಿಯಲ್ಲಿ ಮೀಟರ್ ಬೋರ್ಡಿನ ಪಕ್ಕದ ಮನೆ ಅವರ ತಂಗಿಯದು. ನೀರು ಏರಿದಾಗ ಬೋರ್ಡಿನಿಂದ ಕಿಡಿ ಹಾರಿದ್ದನ್ನು ಆಕೆ ಕಂಡಿದ್ದರು. ಮುಂದಿನ ಮಳೆಗಾಲದೊಳಗೆ ಅದು ಮೇಲೆ ಹೋಗದಿದ್ದರೆ ಆ ಮನೆಯವರಿಗೆ ಜೀವಭಯ ತಪ್ಪಿದ್ದಲ್ಲ.

ಪತ್ರಿಕೆಯವನಾದ ನಾನು, ಹವಾಮಾನ ಬದಲಾಗುತ್ತಿರುವ ಬಗೆಗಿನ ವರದಿಗಳನ್ನು ಸೊಸೈಟಿಯ ಸಭೆಯಲ್ಲಿ ಸೆಕ್ರೆಟರಿಯವರ ಮುಂದಿಟ್ಟೆ.

“ಹೆದರಿಸದಿದ್ರೆ ನಿಮ್ಮ ಪೇಪರಿನವರಿಗೆ ಊಟ ಸೇರುದಿಲ್ಲ ಮಾರಾಯ್ರೆ,” ಎಂದರು.

ಮೂರನೆಯ ಮಹಡಿಯ ವಿಜಯಪುರದವರು ಬಿಡಲಿಲ್ಲ. “ಹೋದ ಸಲಾನೂ ನೂರು ವರ್ಷ ಅಂದಿದ್ರಿ. ನಿಮ್ಮ ನೂರು ವರ್ಷ ಭಾಳ ಲಗೂ ಮುಗದ್ವಲ್ರೀ.”

ಎಲ್ಲರೂ ನಕ್ಕರು. ಸೆಕ್ರೆಟರಿ ಇನ್ನಷ್ಟು ಬಿಗಿಯಾದರು.

ಒಂದು ಭಾನುವಾರ ತಂಗಿ ಸೆಕ್ರೆಟರಿಯವರನ್ನೂ ನನ್ನನ್ನೂ ನೀರುದೋಸೆಗೆ ಕರೆದರು. ಅಣ್ಣನೊಂದಿಗೆ ತುಳುವಿನಲ್ಲೇ ಮಾತಾಡುವ ಆಕೆ ನಾನಿದ್ದೇನೆಂದು ಕನ್ನಡಕ್ಕೆ ಹೊರಳಿದರು. “ಅಣ್ಣ, ಈ ಮನೆ ನೋಡಿ ಕೊಡಿಸಿದ್ದು ನೀವು. ಆಗ ನೀವು ಮಾಡಿದ್ದು ಸರಿಯೇ ಇತ್ತು. ಆಗಿನ ಮಳೆ ಬೇರೆ, ಈಗಿನದು ಬೇರೆ. ನಿಮ್ಮ ಮೇಲೆ ನನಗೆ ಬೇಸರ ಇಲ್ಲ.”

ಸೆಕ್ರೆಟರಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. “ನಿನ್ನನ್ನು ಇಲ್ಲಿ ತಂದು ಹಾಕಿದ್ದು ನಾನೇ ಅಲ್ವಾ.”

“ಇಷ್ಟು ವರ್ಷ ಚೆನ್ನಾಗೇ ಇದ್ದೆವಲ್ಲ. ಇನ್ನೊಂದು ದೋಸೆ ಹಾಕ್ಲಾ?”

ಮಳೆ ಬದಲಾಗಿದೆ ಎಂದು ಒಪ್ಪಿದರೆ, ತಂಗಿಯನ್ನು ಅಪಾಯದ ಪಕ್ಕದಲ್ಲಿ ಕೂರಿಸಿದವನು ತಾನೇ ಎಂದೂ ಆ ಮನುಷ್ಯ ಒಪ್ಪಬೇಕಿತ್ತು. ನಾವು ಪುರಾವೆ ಕೊಟ್ಟಷ್ಟೂ ಆ ಹೊರೆ ಹೆಚ್ಚುತ್ತಿತ್ತು. ತಂಗಿ ಅದನ್ನು ಮೊದಲು ಇಳಿಸಿದರು. ಭಯದಲ್ಲಿದ್ದವರೇ ಇನ್ನೊಬ್ಬರ ಭಯ ಬಿಡಿಸುವುದನ್ನು ನಾನು ಹೆಚ್ಚು ಕಂಡಿಲ್ಲ.

ಮುಂದಿನ ಸಭೆಯಲ್ಲಿ ಮೀಟರುಗಳನ್ನು ಮೊದಲ ಮಹಡಿಗೆ ಒಯ್ಯುವ ಪ್ರಸ್ತಾಪವನ್ನು ಸೆಕ್ರೆಟರಿಯವರೇ ಮಂಡಿಸಿದರು. ನೀರು ಮತ್ತೆ ಬರುತ್ತದೆ, ತಾನು ಹೇಳಿದ್ದು ತಪ್ಪು ಎಂದು ಎಲ್ಲರೆದುರು ಹಿಂದಿಯಲ್ಲಿ ಹೇಳಿದರು. ಅದಕ್ಕೂ ಎದೆಗಾರಿಕೆ ಬೇಕು.

“ಫ್ಲಾಟ್ ನೋಡಾಕ ಬಂದವ್ರು ಮೀಟರ್ ಯಾಕ ಮ್ಯಾಲ ಐತಿ ಅಂತ ಕೇಳಿದ್ರ?” ಎಂದರು ವಿಜಯಪುರದವರು, ಈ ಸಲ ನಗದೆ.

“ಕೇಳಿದ್ರೆ ಹೇಳುವ,” ಎಂದರು ಸೆಕ್ರೆಟರಿ.

ಮಳೆಗಾಲಕ್ಕೆ ಮುಂಚೆಯೇ ತಂಗಿಯ ಮನೆಯ ಪಕ್ಕದ ಗೋಡೆ ಖಾಲಿಯಾಯಿತು.