ಖಾಲಿ ಇದೆ, ಆದರೆ ಕೊಡುವಂತಿಲ್ಲ

ಬೆಳಗಿನ ಐದೂಕಾಲು. ಶ್ರೀರಂಗಪಟ್ಟಣದ ಬಸ್ ನಿಲ್ದಾಣದ ಹಿಂದಿರುವ ನಂಜಪ್ಪನವರ ಲಾಡ್ಜಿನ ಹಿತ್ತಿಲಲ್ಲಿ ದ್ಯಾವಮ್ಮ ನೀರಿನ ಹಂಡೆಗೆ ಸೌದೆ ಒಟ್ಟುತ್ತಿದ್ದಾರೆ. ಅಷ್ಟರಲ್ಲಿ ಒಂದು ಕಾರು ಬಂದು ನಿಲ್ಲುತ್ತದೆ. ಇಳಿದ ಹಿರಿಯರ ಕೈಯಲ್ಲಿ ಬಿಳಿ ಬಟ್ಟೆ ಕಟ್ಟಿದ ಪುಟ್ಟ ಮಡಕೆ. ಅಸ್ಥಿಯನ್ನು ಒಳಗೆ ತರುವಂತಿಲ್ಲ ಎಂದು ಅವರಿಗೂ ಗೊತ್ತು, ಆದರೆ ಎಲ್ಲಿಡಬೇಕೆಂದು ಗೊತ್ತಿಲ್ಲ. ದ್ಯಾವಮ್ಮ ಅದನ್ನು ತೂಗುಹಾಕಲು ಬೇವಿನ ಮರದ ಕೊಂಬೆ ತೋರಿಸಿ, "ಒಂಬತ್ನೇ ರೂಮ್ ಕೊಡಪ್ಪ" ಎಂದು ಮ್ಯಾನೇಜರ್ ಲೋಕೇಶ್‌ಗೆ ಕೂಗುತ್ತಾರೆ.

ಇಲ್ಲಿರುವುದು ಇಪ್ಪತ್ತೆರಡು ಕೋಣೆ. ಕಾವೇರಿಯ ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಡಲು ಬಂದವರು ಮಧ್ಯಾಹ್ನದ ಹೊತ್ತಿಗೆ ಹೊರಡುತ್ತಾರೆ, ಸಂಜೆ ಅದೇ ಕೋಣೆಗಳಿಗೆ ಮದುವೆ ದಿಬ್ಬಣ ಬರುತ್ತದೆ. ನಡುವೆ ಕೋಣೆ ತೊಳೆದು, ಅರಿಶಿನದ ನೀರು ಚಿಮುಕಿಸಿ, ಕಿಟಕಿ ತೆರೆದಿಟ್ಟು ಒಣಗಿಸುವವರು ದ್ಯಾವಮ್ಮ. ಅಲ್ಲಿಯವರೆಗೆ ಆ ಬೀಗದಕೈ ಅವರ ಸೊಂಟದಲ್ಲಿರುತ್ತದೆ, ಯಾರಿಗೂ ಸಿಗುವುದಿಲ್ಲ. ಹದಿನೆಂಟು ವರ್ಷದಿಂದ ಇದೇ ಕ್ರಮ.

ಶೀಳನೆರೆ ಕಡೆಯ ಹೆಣ್ಣುಮಗಳು. ಬಸ್ ನಿಲ್ದಾಣದಲ್ಲಿ ಮೂಟೆ ಹೊರುತ್ತಿದ್ದ ಗಂಡ ಮರಿಯಯ್ಯನ ಬೆನ್ನು ಮುರಿದ ಮೇಲೆ ಮನೆ ನಡೆಯುವುದು ಇವರ ದುಡಿಮೆಯಿಂದಲೇ. "ನಂಗೇನ್ ಮೈಲ್ಗೆ ಇಲ್ಲ ಕಣಪ್ಪ. ಬರೋರ ಮನ್ಸು ನೋಯ್ಬಾರ್ದು, ಅಷ್ಟೇಯ" ಎನ್ನುತ್ತಾರೆ.

ನಿಜ ಹೇಳಬೇಕೆಂದರೆ ನಾನು ಬಂದದ್ದು ಇವರನ್ನು ನೋಡಲು ಅಲ್ಲ, ಲಾಡ್ಜಿಗೆ ಬಂದಿರುವ ಕಂಪ್ಯೂಟರ್ ನೋಡಲು! ಅದಕ್ಕೆ ಕುಂಕುಮ ಹಚ್ಚಿದ್ದಾರೆ. ಚಪ್ಪಲಿ ಹೊರಗೆ ಬಿಟ್ಟೇ ಒಳಹೋಗಬೇಕು. ಈ ತೊಂಬತ್ತೇಳನೇ ಇಸವಿಯಲ್ಲಿ ಎಲ್ಲರೂ ಮುಂದೆ ಹೋಗುತ್ತಿರುವಾಗ ತಾವೇಕೆ ಹಿಂದುಳಿಯಬೇಕೆಂದು ನಂಜಪ್ಪನವರು ಎರಡು ಕಂಪನಿಗಳ ಸಾಫ್ಟ್‌ವೇರ್ ಪರೀಕ್ಷೆಗೆ ತರಿಸಿದ್ದಾರೆ. ಮೊದಲನೆಯದರಲ್ಲಿ ಎರಡೇ ಬಣ್ಣ. ಕೆಂಪು ಎಂದರೆ ಜನರಿದ್ದಾರೆ, ಹಸಿರು ಎಂದರೆ ಖಾಲಿ. ಇಷ್ಟು ಚೊಕ್ಕವಾಗಿರುವಾಗ ಬೀಗದಕೈ ಕಾಯಲು ಒಬ್ಬರೇಕೆ? ತಿಂಗಳ ಕೊನೆಗೆ ಕೆಲಸ ಬಿಡುವಂತೆ ದ್ಯಾವಮ್ಮನಿಗೆ ಹೇಳಿ, ಬೀಗದಕೈಗಳನ್ನು ಲೋಕೇಶ್ ಕೈಗೆ ಕೊಡಿಸಿಯೂ ಆಗಿತ್ತು.

ಇದು ಕೆಲವು ವಾರಗಳ ಹಿಂದಿನ ಮಾತು. ಆ ವಾರವೇ ಒಂದು ಮುಹೂರ್ತ. ಅಸ್ಥಿ ಬಿಡಲು ಬಂದಿದ್ದ ಒಂದು ಮನೆಯವರು ಹನ್ನೆರಡಕ್ಕೆ ಒಂಬತ್ತನೇ ಕೋಣೆ ಬಿಡುತ್ತಾರೆ. ಪರದೆ ಹಸಿರಾಗುತ್ತದೆ. ಲೋಕೇಶ್ ಅದನ್ನು ನಂಬಿ, ನಾಗಮಂಗಲದಿಂದ ಬಂದ ವರನ ಕಡೆಯವರಿಗೆ ಕೋಣೆ ಕೊಡುತ್ತಾರೆ. ಬಚ್ಚಲಿಗೆ ಕಾಲಿಟ್ಟ ವರನ ತಾಯಿಯ ಪಾದಕ್ಕೆ ಕಪ್ಪೆಳ್ಳು, ದರ್ಭೆಯ ತುಂಡು ಅಂಟಿಕೊಳ್ಳುತ್ತವೆ.

"ಆ ಯಮ್ಮ ಬೈದಿದ್ರೆ ಎಂಗೋ ತಡ್ಕತಿದ್ದೆ" ಎನ್ನುವಾಗ ದ್ಯಾವಮ್ಮನ ದನಿ ಇಳಿಯುತ್ತದೆ. "ಮೆಟ್ಲ ಮ್ಯಾಲೆ ಕುಂತ್ಕಂಡು ಅತ್ಬುಟ್ರು."

ಎರಡನೇ ಕಂಪನಿಯಿಂದ ಫ್ಲಾಪಿ ಹಿಡಿದು ಬಂದವರು ಮೈಸೂರಿನ ಪವಿತ್ರ. ನಂಜಪ್ಪನವರು ಈ ಬಾರಿ ಅವರನ್ನು ಸೀದಾ ದ್ಯಾವಮ್ಮನ ಮುಂದೆ ಕೂರಿಸುತ್ತಾರೆ. ದ್ಯಾವಮ್ಮನದು ಒಂದೇ ಪ್ರಶ್ನೆ: "ರೂಮು ಖಾಲಿ ಅದೆ, ಆದ್ರೆ ಕೊಡಂಗಿಲ್ಲ. ಇದ್ನ ನಿನ್ ಮಿಷನ್ನು ಎಂಗೆ ಏಳ್ತದವ್ವ?"

ಪವಿತ್ರ ಜಾರಿಕೊಳ್ಳುವುದಿಲ್ಲ. ಒಂದಿಡೀ ದಿನ ದ್ಯಾವಮ್ಮನ ಹಿಂದೆ ಬಕೆಟ್ ಹಿಡಿದು ಓಡಾಡಿ, ವಾರದ ನಂತರ ಹಳದಿ ಬಣ್ಣವೊಂದನ್ನು ಸೇರಿಸಿ ತರುತ್ತಾರೆ. ಮೂರು ಗಂಟೆ ಕಳೆದರೆ ಹಳದಿ ತಾನಾಗಿಯೇ ಹಸಿರಾಗುತ್ತದಂತೆ.

ದ್ಯಾವಮ್ಮ ಅದಕ್ಕೂ ತಲೆಯಾಡಿಸುವುದಿಲ್ಲ. "ಮಳೆಗಾಲ್ದಲ್ಲಿ ಮೂರೇ ಗಂಟೇಲಿ ನೆಲ ಒಣಗ್ತದಾ? ಗಡಿಯಾರ ಓಗಿ ಮುಟ್ ನೋಡ್ತದಾ?"

ನಂಜಪ್ಪನವರು ಅಲ್ಲಿಯೇ ತೀರ್ಮಾನ ಮಾಡಿದ್ದಾರೆ. ಖರೀದಿ ಪವಿತ್ರ ಅವರ ಸಾಫ್ಟ್‌ವೇರೇ, ಆದರೆ ಹಳದಿಯನ್ನು ಹಸಿರು ಮಾಡುವ ಗುಂಡಿ ಒತ್ತುವವರು ದ್ಯಾವಮ್ಮ ಮಾತ್ರ. ಕೆಲಸ ಬಿಡುವ ಮಾತು ಅಲ್ಲಿಗೆ ಮುಗಿದಿದೆ. ಕೇಳಿ ನನಗೇ ಎದೆ ಹಗುರಾಯಿತು.

ಈಗ ಮಧ್ಯಾಹ್ನ ಮೂರು. ಒಂಬತ್ತನೇ ಕೋಣೆಯ ನೆಲಕ್ಕೆ ಅಂಗೈ ಒತ್ತಿ ನೋಡಿದ ದ್ಯಾವಮ್ಮ, ಸೆರಗಿಗೆ ಕೈ ಒರೆಸಿಕೊಂಡು ಬಂದು ಗುಂಡಿ ಒತ್ತುತ್ತಾರೆ. ಕಂಪ್ಯೂಟರ್ ಕಲಿತಿರಾ ಎಂದು ನಾನು ಕಿಚಾಯಿಸಿದರೆ ನಗುತ್ತಾರೆ.

"ನಂಗೆಲ್ಲಿ ಓದಕ್ ಬತ್ತದೆ? ಆದ್ರೆ ಮದ್ವೆ ಗಂಡು ಎಲ್ಲಿ ಮಲಗ್ಬೇಕು ಅಂತ ಈ ಮಿಷನ್ನೂ ನನ್ ಕೇಳೇ ಏಳ್ಬೇಕು ಕಣಪ್ಪ."